ಸ್ಟೀರಿಂಗ್ ನನ್ನ ಕಡೆ ಬರುತ್ತದೆ, ವಾಪಸ್ ಒಳಗೆ ಹೋಗುತ್ತಿಲ್ಲ: ಪವರ್ ಕಾಲಂ ತೊಂದರೆ ಎಲ್ಲಿಂದ ಹುಡುಕಲಿ?

ಮೈಸೂರು_ಸೆಡಾನ್

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 2009ರ ಒಂದು ಜರ್ಮನ್ ಸೆಡಾನ್ ಇದೆ, ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು. ಇದರಲ್ಲಿ ಸ್ಟೀರಿಂಗ್ ಅಡ್ಜಸ್ಟ್ ಮಾಡಲು ಲಿವರ್ ಇಲ್ಲ. ಕಾಲಂ, ಅಂದರೆ ಸ್ಟೀರಿಂಗ್ ವೀಲನ್ನು ಹಿಡಿದಿರುವ ಕಂಬದ ಪಕ್ಕದಲ್ಲಿ ಒಂದು ಚಿಕ್ಕ ಸ್ವಿಚ್ ಇದೆ. ಅದನ್ನು ನಾಲ್ಕು ಕಡೆ ಒತ್ತಬಹುದು: ಮೇಲೆ, ಕೆಳಗೆ, ನನ್ನ ಕಡೆಗೆ, ಡ್ಯಾಶ್‌ಬೋರ್ಡ್ ಕಡೆಗೆ. ಮಿಕ್ಕಿದ್ದನ್ನು ಮೋಟರ್ ಮಾಡುತ್ತದೆ.

ಮೇಲೆ ಕೆಳಗೆ ಸರಿಯಾಗಿ ಹೋಗುತ್ತದೆ. ನನ್ನ ಕಡೆಗೂ ಬರುತ್ತದೆ. ಆದರೆ ಡ್ಯಾಶ್‌ಬೋರ್ಡ್ ಕಡೆಗೆ ಒತ್ತಿದರೆ ಏನೂ ಆಗುವುದಿಲ್ಲ. ಅಪರೂಪಕ್ಕೆ ಒಂದಿಷ್ಟು ಒಳಗೆ ಹೋಗಿ ನಿಂತುಬಿಡುತ್ತದೆ. ಹಾಗಾಗಿ ಈಗ ಸ್ಟೀರಿಂಗ್ ಪೂರ್ತಿ ಎದೆಯ ಹತ್ತಿರ ಬಂದು ಕೂತಿದೆ. ಅಪ್ಪನಿಗೆ ಮಂಡಿ ನೋವು, ಅವರು ಡ್ರೈವರ್ ಸೀಟಿಗೆ ಹತ್ತಿ ಇಳಿಯುವುದೇ ಕಷ್ಟವಾಗಿದೆ. ಮೊದಲೆಲ್ಲ ಕೀ ತೆಗೆದ ಕೂಡಲೇ ಸ್ಟೀರಿಂಗ್ ತಾನಾಗಿ ಹಿಂದೆ ಸರಿದು ಜಾಗ ಕೊಡುತ್ತಿತ್ತು. ಈ ಕಾರು ತೆಗೆದುಕೊಂಡಿದ್ದಕ್ಕೆ ಅದೂ ಒಂದು ಕಾರಣ. ಈಗ ಅದೂ ನಿಂತಿದೆ. ಮೆಮೊರಿ ಬಟನ್ ಒತ್ತಿದರೆ ಸೀಟು ಸರಿಯುತ್ತದೆ, ಸ್ಟೀರಿಂಗ್ ಅಲ್ಲಾಡುವುದಿಲ್ಲ.

ಇತ್ತೀಚೆಗೆ ಬ್ಯಾಟರಿ ಹೊಸದು ಹಾಕಿಸಿದೆ. ಅದಕ್ಕೂ ಮುಂಚೆಯೇ ಒಮ್ಮೊಮ್ಮೆ ಹೀಗೆ ಆಗುತ್ತಿತ್ತು, ಈಗ ಜಾಸ್ತಿಯಾಗಿದೆ. ಒಂದು ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ನೋಡಿದರು. ಕಾಲಂ ಪೊಸಿಷನ್ ಸೆನ್ಸರ್ ಸಿಗ್ನಲ್ ಸರಿಯಿಲ್ಲ ಅಂತ ಕೋಡ್ ಬಂತು. ಸೆನ್ಸರ್ ಬಿಡಿಯಾಗಿ ಸಿಗುವುದಿಲ್ಲ, ಪೂರ್ತಿ ಕಾಲಂ ಬದಲಾಯಿಸಬೇಕು ಎಂದರು. ಅವರು ಹೇಳಿದ ಮೊತ್ತ ಕೇಳಿ ಸುಮ್ನೆ ವಾಪಸ್ ಬಂದೆ. ಇನ್ನೊಂದು ಕಡೆ ಮೋಟರ್ ಹೋಗಿದೆ, ಮೋಟರ್ ಹಾಕಿದರೆ ಸಾಕು ಎಂದರು. ಎರಡೂ ಕಡೆ ಯಾರೂ ಕಾಲಂ ಕೆಳಗಿನ ಕವರ್ ಕೂಡ ಬಿಚ್ಚಿ ನೋಡಲಿಲ್ಲ.

ಫ್ಯೂಸ್ ತೆಗೆದು ನೋಡಿದ್ದೇನೆ, ಸರಿಯಿದೆ. ನನ್ನ ಹತ್ತಿರ ಮಲ್ಟಿಮೀಟರ್ ಇದೆ, ಮನೆ ವೈರಿಂಗ್ ಕೆಲಸ ಗೊತ್ತು, ಕಾರಿನ ಕೆಲಸ ಅಷ್ಟಾಗಿ ಗೊತ್ತಿಲ್ಲ. ಸಾಮಾನು ಕೊಳ್ಳುವ ಮೊದಲು ನಾನೇ ಏನೇನು ಅಳೆದು ನೋಡಬಹುದು? ಯಾವ ಕ್ರಮದಲ್ಲಿ?


ವೈರಿಂಗ್_ಮೇಷ್ಟ್ರು

ಸರ್, ಮೋಟರ್ ಆರ್ಡರ್ ಮಾಡಬೇಡಿ. ನಿಮ್ಮ ಮೋಟರ್ ಚೆನ್ನಾಗಿದೆ ಅಂತ ನೀವು ಬರೆದಿದ್ದರಲ್ಲೇ ಗೊತ್ತಾಗುತ್ತದೆ.

ಕಾಲಂ ಒಳಗೆ ಎರಡು ಮೋಟರ್ ಇರುತ್ತವೆ. ಒಂದು ಮೇಲೆ ಕೆಳಗೆ, ಇನ್ನೊಂದು ಒಳಗೆ ಹೊರಗೆ. ಎರಡೂ ಸಾಮಾನ್ಯ 12 ವೋಲ್ಟ್ ಡಿಸಿ ಮೋಟರ್. ಪ್ರತಿ ಮೋಟರ್‌ಗೆ ಎರಡೇ ದಪ್ಪ ವೈರ್. ಒಂದು ಕಡೆ ತಿರುಗಬೇಕಾದರೆ ಮಾಡ್ಯೂಲು (ಮೋಟರ್ ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಒಂದು ವೈರ್‌ಗೆ ಪ್ಲಸ್, ಇನ್ನೊಂದಕ್ಕೆ ಮೈನಸ್ ಕೊಡುತ್ತದೆ. ಉಲ್ಟಾ ತಿರುಗಬೇಕಾದರೆ ಅದೇ ಎರಡು ವೈರ್‌ಗಳಲ್ಲಿ ಪ್ಲಸ್ ಮೈನಸ್ ಅದಲು ಬದಲು. ಅಂದರೆ ನಿಮ್ಮ ಕಡೆಗೆ ಬರುವಾಗ ಕೆಲಸ ಮಾಡಿದ ಅದೇ ಬ್ರಷ್, ಅದೇ ವೈಂಡಿಂಗ್, ಅದೇ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ವಾಪಸ್ ಹೋಗುವಾಗಲೂ ಬೇಕು. ಒಂದು ದಿಕ್ಕಿಗೆ ಜೋರಾಗಿ ಓಡುವ ಮೋಟರ್ ಇನ್ನೊಂದು ದಿಕ್ಕಿಗೆ ಮಾತ್ರ ಸುಟ್ಟುಹೋಗಲು ಸಾಧ್ಯವಿಲ್ಲ ಅಲ್ವಾ? ಫ್ಯೂಸ್ ಕೂಡ ಅಷ್ಟೇ. ಅದು ಹೋಗಿದ್ದರೆ ಯಾವ ಕಡೆಗೂ ಹೋಗುತ್ತಿರಲಿಲ್ಲ.

ಹಾಗಾಗಿ ನಿಮ್ಮ ಕೇಸಿನಲ್ಲಿ ಉಳಿಯುವುದು ನಾಲ್ಕು ಸಾಧ್ಯತೆ. ಸ್ವಿಚ್ಚಿನಿಂದ ಒಳಗೆ ಅನ್ನುವ ಸುದ್ದಿ ಮಾಡ್ಯೂಲಿಗೆ ತಲುಪುತ್ತಿಲ್ಲ. ಅಥವಾ ಸುದ್ದಿ ತಲುಪಿದರೂ ಮಾಡ್ಯೂಲಿನ ಒಳಗೆ ಆ ದಿಕ್ಕಿನ ರಿಲೇ ಅಥವಾ ಟ್ರಾನ್ಸಿಸ್ಟರ್ ಹೋಗಿದೆ. ಅಥವಾ ಕಾಲಂ ಈಗಾಗಲೇ ಪೂರ್ತಿ ಒಳಗಿದೆ ಅಂತ ಮಾಡ್ಯೂಲು ತಪ್ಪು ತಿಳಿದುಕೊಂಡಿದೆ, ಅದಕ್ಕೇ ಮುಂದಕ್ಕೆ ತಳ್ಳುತ್ತಿಲ್ಲ. ಕೊನೆಯದು, ಆ ಕಡೆ ಏನೋ ಅಡ್ಡ ಬಂದು ಯಾಂತ್ರಿಕವಾಗಿ ಬಿಗಿಯಾಗಿದೆ.

ಕೊನೆಯದನ್ನು ಕಿವಿಯಲ್ಲೇ ಪರೀಕ್ಷಿಸಬಹುದು. ಮನೆ ಹತ್ತಿರ ಸದ್ದಿಲ್ಲದ ಹೊತ್ತಿನಲ್ಲಿ ಕೀ ಆನ್ ಮಾಡಿ, ಎಂಜಿನ್ ಬೇಡ, ಎಸಿ ಬ್ಲೋವರ್ ಆಫ್ ಮಾಡಿ, ಒಳಗಿನ ಲೈಟ್ ಹಾಕಿಕೊಂಡು ಸ್ವಿಚ್ ಒತ್ತಿ. ಮೋಟರ್ ಒಂದು ಕ್ಷಣ ಮುಲುಕಿದ ಹಾಗೆ ಸದ್ದು ಬಂದು, ಲೈಟ್ ಸ್ವಲ್ಪ ಮಂಕಾಗಿ, ಆಮೇಲೆ ನಿಂತರೆ ಮಾಡ್ಯೂಲು ಪ್ರಯತ್ನ ಮಾಡುತ್ತಿದೆ, ಕಾಲಂ ಸಿಕ್ಕಿಹಾಕಿಕೊಂಡಿದೆ ಎಂದರ್ಥ. ಆಗ ಸ್ಕ್ರೂ ರಾಡ್, ನಟ್, ಒಣಗಿದ ಗ್ರೀಸ್ ನೋಡಬೇಕು. ಏನೂ ಸದ್ದಿಲ್ಲ, ಲೈಟೂ ಮಂಕಾಗುವುದಿಲ್ಲ ಎಂದರೆ ಮೋಟರ್‌ಗೆ ಕರೆಂಟೇ ಹೋಗುತ್ತಿಲ್ಲ.

ಆಮೇಲೆ ಕೆಳಗಿನ ಕವರ್ ಬಿಚ್ಚಿ. ಬಿಚ್ಚುವ ಮೊದಲು ಒಂದು ವಿಷಯ. ಹಳದಿ ಬಣ್ಣದ ಕಪ್ಲರ್ ಕಂಡರೆ ಅದು ಏರ್‌ಬ್ಯಾಗ್. ಅದಕ್ಕೆ ಮೀಟರ್ ಕಡ್ಡಿ ಚುಚ್ಚಬೇಡಿ, ಟೆಸ್ಟ್ ಲ್ಯಾಂಪ್ ಅಂತೂ ಬೇಡವೇ ಬೇಡ. ಕವರ್ ತೆಗೆಯಲು ಸ್ಟೀರಿಂಗ್ ವೀಲ್ ಬಿಚ್ಚುವ ಅಗತ್ಯ ಇರುವುದಿಲ್ಲ. ಏರ್‌ಬ್ಯಾಗ್ ಕಪ್ಲರ್ ಕಳಚಲೇಬೇಕಾಗಿ ಬಂದರೆ ಬ್ಯಾಟರಿ ಮೈನಸ್ ತೆಗೆದು, ಕಾರಿನ ಮ್ಯಾನುಯಲ್ ಹೇಳಿದಷ್ಟು ನಿಮಿಷ ಕಾದು ಆಮೇಲೆ ಮುಟ್ಟಿ. ಕೆಲವು ಕಾರುಗಳಲ್ಲಿ ಮಂಡಿಯ ಹತ್ತಿರವೂ ಒಂದು ಏರ್‌ಬ್ಯಾಗ್ ಇರುತ್ತದೆ, ಅದನ್ನೂ ಗಮನಿಸಿ.

ಕವರ್ ತೆಗೆದ ಮೇಲೆ ಒಳಗೆ ಹೊರಗೆ ಮಾಡುವ ಮೋಟರ್‌ನ ಎರಡು ದಪ್ಪ ವೈರ್ ಹುಡುಕಿ. ಕಪ್ಲರ್ ಕಳಚಬೇಡಿ, ಹಾಗೇ ಇರಲಿ. ಹಿಂದಿನಿಂದ ಸಣ್ಣ ಪಿನ್ ಹಾಕಿ ಮೀಟರ್ ಜೋಡಿಸಿ, ಡಿಸಿ ವೋಲ್ಟ್‌ಗೆ ಇಡಿ. ನಿಮ್ಮ ಕಡೆಗೆ ಒತ್ತಿದಾಗ ಹತ್ತಿರ ಹತ್ತಿರ 12 ವೋಲ್ಟ್ ಬರಬೇಕು. ಒಳಗೆ ಒತ್ತಿದಾಗ ಅದೇ 12, ಮುಂದೆ ಮೈನಸ್ ಗುರುತು. ಮಾಡ್ಯೂಲು ಕರೆಂಟನ್ನು ಕತ್ತರಿಸಿ ಕತ್ತರಿಸಿ ಕೊಡುವ ಜಾತಿಯದಾದರೆ ಮೀಟರ್ 9 ಅಥವಾ 10 ತೋರಿಸಬಹುದು, ಗಾಬರಿ ಬೇಡ. ಒಳಗೆ ಒತ್ತಿದಾಗ ಸೊನ್ನೆ ಬಂದರೆ ಮೋಟರ್ ಕಡೆ ನೋಡುವುದನ್ನು ಬಿಟ್ಟು ಹಿಂದಕ್ಕೆ ಹೋಗಿ: ಮಾಡ್ಯೂಲು, ಸ್ವಿಚ್, ಸೆನ್ಸರ್.

ಇದೊಂದು ಅಳತೆ ಮಾಡದೆ ಯಾರು ಯಾವ ಸಾಮಾನು ಹೇಳಿದರೂ ದುಡ್ಡು ಕೊಡಬೇಡಿ.


ಪಾರ್ಟ್ಸ್_ಶಿವಾಜಿನಗರ

ಇಷ್ಟೆಲ್ಲ ಯಾಕೆ ಅಣ್ಣಾ. ಬೆಂಗಳೂರಿಗೆ ಬನ್ನಿ, ಗುಜರಿಯಲ್ಲಿ ಇಂಥ ಕಾರಿನ ಕಾಲಂ ಮೋಟರ್, ಸೆನ್ಸರ್, ಮಾಡ್ಯೂಲು ಎಲ್ಲ ಸೇರಿ ಪೂರ್ತಿ ಸೆಟ್ ಸಿಗುತ್ತದೆ. ಜೆ.ಸಿ. ರಸ್ತೆಯಲ್ಲೂ ಕೇಳಿ ನೋಡಿ. ಹಳೆಯದು ಬಿಚ್ಚಿ ಇದನ್ನು ಕೂರಿಸಿದರೆ ಆಯಿತು. ಹೊಸದಕ್ಕೆ ಹೋಲಿಸಿದರೆ ಖರ್ಚು ತುಂಬಾ ಕಡಿಮೆ.


ಮಿಶಿಗನ್_ಕನ್ನಡತಿ

ಮೇಲಿನ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ನಾನು ಕಾರಿನ ಒಳಗಿನ ಎಲೆಕ್ಟ್ರಾನಿಕ್ಸ್ ಕೆಲಸದಲ್ಲೇ ಇದ್ದೇನೆ, ಅದಕ್ಕೇ ಇಷ್ಟು ಖಡಕ್ಕಾಗಿ ಹೇಳುತ್ತಿದ್ದೇನೆ.

ಗುಜರಿಗೆ ಬರುವ ಕಾರುಗಳಲ್ಲಿ ಅಪಘಾತವಾದವು ಎಷ್ಟೋ ಇರುತ್ತವೆ. ಸ್ಟೀರಿಂಗ್ ಕಾಲಂ ಬರೀ ಒಂದು ಕೊಳವೆ ಅಲ್ಲ. ಡಿಕ್ಕಿಯಾದಾಗ ಡ್ರೈವರ್ ಎದೆಗೆ ಪೆಟ್ಟು ಕಡಿಮೆಯಾಗಲಿ ಎಂದು ಅದು ತಾನೇ ಕುಸಿಯುವ ಹಾಗೆ ಮಾಡಿರುತ್ತಾರೆ. ಜನರಲ್ ಮೋಟರ್ಸ್ ತನ್ನ 1967ರ ಮಾಡೆಲ್‌ಗಳಲ್ಲಿ ಇಂಥ ಕಾಲಂ ತಂದಿತು. 1968ರಿಂದ ಅಮೆರಿಕದಲ್ಲಿ ಕಾರುಗಳ ಕಾಲಂ ಬಗ್ಗೆ ಕಾನೂನೇ ಬಂತು. ಹೀಗೆ ಒಮ್ಮೆ ಸ್ವಲ್ಪ ಕುಸಿದ ಕಾಲಂ ಹೊರಗಿನಿಂದ ನೋಡಿದರೆ ಚೆನ್ನಾಗಿಯೇ ಕಾಣಬಹುದು. ನಿಮ್ಮ ಕಾರಿಗೆ ಹಾಕಿದ ಮೇಲೆ ನಿಜವಾಗಿ ಬೇಕಾದ ದಿನ ಅದು ಕೆಲಸ ಮಾಡುತ್ತದೆ ಅಂತ ಯಾರು ಹೇಳುತ್ತಾರೆ? ಇನ್ನೊಂದು ತೊಂದರೆ, ಈ ಕಾಲದ ಕಾರುಗಳಲ್ಲಿ ಸ್ಟೀರಿಂಗ್ ಲಾಕ್ ಎಲೆಕ್ಟ್ರಾನಿಕ್. ಅದು ಕೀ ಜೊತೆ, ಎಂಜಿನ್ ಕಂಪ್ಯೂಟರ್ ಜೊತೆ ಜೋಡಿಯಾಗಿರುತ್ತದೆ. ಬೇರೆ ಕಾರಿನ ಲಾಕ್ ತಂದು ಹಾಕಿದರೆ ಎಂಜಿನ್ ಸ್ಟಾರ್ಟೇ ಆಗದೆ ನಿಲ್ಲುವುದುಂಟು.

ಲಾಕ್ ವಿಷಯ ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಅಡ್ಜಸ್ಟ್ ಮಾಡುವ ಮೋಟರ್ ಕೆಟ್ಟರೆ ಅದು ಅನನುಕೂಲ. ಲಾಕ್ ಕೆಟ್ಟರೆ ಅಪಾಯ. 1997ರಿಂದ 2004ರ ವರೆಗಿನ ಷೆವರ್ಲೆ ಕಾರ್ವೆಟ್‌ಗಳನ್ನು ಸ್ಟೀರಿಂಗ್ ಲಾಕ್ ಸರಿಯಾಗಿ ಬಿಡದಿರಬಹುದು ಎಂಬ ಕಾರಣಕ್ಕೆ 2004ರಲ್ಲಿ ಕಂಪನಿಯೇ ವಾಪಸ್ ಕರೆಸಿ ಸರಿಮಾಡಿತು. ನಿಮ್ಮ ಕಾರಿನ ಮೀಟರಿನಲ್ಲಿ ಯಾವತ್ತಾದರೂ ಸ್ಟೀರಿಂಗ್ ಲಾಕ್ ಎಂದು ಎಚ್ಚರಿಕೆ ಬಂದರೆ ಅದನ್ನು ಈ ತೊಂದರೆಯ ಜೊತೆ ಸೇರಿಸಿಕೊಂಡು ಓಡಿಸಬೇಡಿ. ಅದನ್ನು ಬೇರೆಯಾಗಿ, ತಕ್ಷಣ ತೋರಿಸಿ.

ಈಗ ನಿಮ್ಮ ತೊಂದರೆಗೆ ಬರೋಣ. ಮೇಷ್ಟ್ರು ಹೇಳಿದ ಮೂರನೆಯ ಸಾಧ್ಯತೆಯ ಮೇಲೆಯೇ ನನ್ನ ಅನುಮಾನ. ಕಾರಣ ಹೇಳುತ್ತೇನೆ. ಮೆಮೊರಿ, ಕೀ ತೆಗೆದಾಗ ಸರಿಯುವುದು, ಇವೆರಡೂ ನಡೆಯಬೇಕಾದರೆ ಕಾಲಂ ಈಗ ಎಲ್ಲಿದೆ ಅಂತ ಮಾಡ್ಯೂಲಿಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ತಾನಾಗಿ ಚಲಿಸುವ ಕೆಲಸವನ್ನೆಲ್ಲ ಅದು ನಿಲ್ಲಿಸಿಬಿಡುತ್ತದೆ. ಯಾರದ್ದಾದರೂ ಮಂಡಿ, ಕೈ ಅಡ್ಡ ಇದ್ದರೆ? ಅದಕ್ಕೇ ಬೇಕೆಂದೇ ಹಾಗೆ ಮಾಡಿರುತ್ತಾರೆ. ನಿಮ್ಮ ಕಾರಿನಲ್ಲಿ ಎರಡೂ ನಿಂತಿವೆ, ಜೊತೆಗೆ ಸೆನ್ಸರ್ ಕೋಡ್ ಕೂಡ ಬಂದಿದೆ. ಬರೀ ಸ್ವಿಚ್ ಕೆಟ್ಟಿದ್ದರೆ ಮೆಮೊರಿ ಬಟನ್ ಒತ್ತಿದಾಗ ಸ್ಟೀರಿಂಗ್ ಸರಿಯಬೇಕಿತ್ತು.

ಪೊಸಿಷನ್ ಸೆನ್ಸರ್ ಎರಡು ಬಗೆ. ಹಳೆಯ ಬಗೆಯಲ್ಲಿ ರೇಡಿಯೋ ವಾಲ್ಯೂಮ್ ಕಂಟ್ರೋಲಿನಲ್ಲಿ ಇರುವಂಥದೇ ಒಂದು ಪೊಟೆನ್ಷಿಯೋಮೀಟರ್. ಮೂರು ಸಣ್ಣ ವೈರ್: ಒಂದು 5 ವೋಲ್ಟ್, ಒಂದು ಅರ್ಥ್, ಮಧ್ಯದ್ದು ಸಿಗ್ನಲ್. ಕಾಲಂ ಸರಿದ ಹಾಗೆ ಸಿಗ್ನಲ್ ವೈರಿನ ವೋಲ್ಟೇಜ್ ನಿಧಾನವಾಗಿ ಏರಬೇಕು ಅಥವಾ ಇಳಿಯಬೇಕು. ಇನ್ನೊಂದು ಬಗೆಯಲ್ಲಿ ಮೋಟರ್ ಒಳಗೆ ಹಾಲ್ ಸೆನ್ಸರ್ (ಅಯಸ್ಕಾಂತವನ್ನು ಗುರುತಿಸುವ ಸೆನ್ಸರ್) ಇರುತ್ತದೆ. ಅದು ಮೋಟರ್ ತಿರುಗಿದ ಹಾಗೆ ಪಲ್ಸ್ ಕೊಡುತ್ತದೆ, ಮಾಡ್ಯೂಲು ಅದನ್ನು ಎಣಿಸಿಕೊಂಡು ಹೋಗುತ್ತದೆ. ಈ ಎರಡನೆಯ ಬಗೆಯಲ್ಲಿ ಬ್ಯಾಟರಿ ತೆಗೆದರೆ ಎಣಿಕೆ ಮರೆತುಹೋಗಬಹುದು. ಆಗ ಎರಡೂ ತುದಿಗೆ ಒಯ್ದು, ತುದಿಯಲ್ಲಿ ಸ್ವಿಚ್ ಕೆಲವು ಸೆಕೆಂಡು ಒತ್ತಿ ಹಿಡಿದು ಮತ್ತೆ ಕಲಿಸಬೇಕಾಗುತ್ತದೆ. ಕೆಲವು ಕಾರುಗಳಲ್ಲಿ ಇದಕ್ಕೆ ಸ್ಕ್ಯಾನರ್ ಬೇಕು. ನಿಮಗೆ ಬ್ಯಾಟರಿ ಹಾಕುವ ಮುಂಚೆಯೇ ತೊಂದರೆ ಶುರುವಾಗಿದ್ದರಿಂದ ಬರೀ ಕಲಿಸುವುದರಿಂದ ಸರಿಹೋಗುತ್ತದೆ ಅಂತ ನನಗನಿಸುವುದಿಲ್ಲ.

ಒಂದು ಸೂಕ್ಷ್ಮ ಇದೆ, ಇದನ್ನು ಎಷ್ಟೋ ಗ್ಯಾರೇಜಿನವರು ಗಮನಿಸುವುದಿಲ್ಲ. ಸೆನ್ಸರ್ ಸಿಗ್ನಲ್ ಸರಿಯಿಲ್ಲ ಅಂತ ಕೋಡ್ ಬಂದರೆ ಸೆನ್ಸರ್ ಕೆಟ್ಟಿದೆ ಎಂದೇ ಆಗಬೇಕಿಲ್ಲ. ಮಾಡ್ಯೂಲಿಗೆ ಕಾಣುವುದು ತನ್ನ ಪಿನ್ನಿಗೆ ಬಂದು ಮುಟ್ಟಿದ ವೋಲ್ಟೇಜ್ ಮಾತ್ರ. ಮಧ್ಯದ ವೈರ್ ತುಂಡಾಗಿದ್ದರೂ ಅದು ಕೊಡುವುದು ಅದೇ ಕೋಡ್. ವೈರ್ ತುಂಡಾದಾಗ ಎಷ್ಟೋ ಮಾಡ್ಯೂಲುಗಳಲ್ಲಿ ಆ ಪಿನ್ನಿನ ವೋಲ್ಟೇಜ್ ಒಳಗಿನ ರೆಸಿಸ್ಟರ್‌ನಿಂದಾಗಿ 5ಕ್ಕೆ ಏರಿ ಕೂರುತ್ತದೆ, ಕೆಲವದರಲ್ಲಿ ಸೊನ್ನೆಗೆ ಇಳಿಯುತ್ತದೆ. ಎರಡೂ ಮಾಡ್ಯೂಲಿಗೆ ಒಂದಲ್ಲ ಒಂದು ತುದಿಯ ಹಾಗೆ ಕಾಣುತ್ತವೆ. ಪೂರ್ತಿ ಒಳಗಿನ ತುದಿ ಅಂತ ಅದು ತಿಳಿದುಕೊಂಡರೆ? ಇನ್ನೂ ಒಳಗೆ ತಳ್ಳುವುದಿಲ್ಲ, ಹೊರಗೆ ಬರಲು ಮಾತ್ರ ಬಿಡುತ್ತದೆ. ನಿಮ್ಮ ಕಾರು ಮಾಡುತ್ತಿರುವುದು ಇದೇ.

ಲೈವ್ ಡೇಟಾ ತೋರಿಸುವ ಸ್ಕ್ಯಾನರ್ ಯಾರದ್ದಾದರೂ ಸಿಕ್ಕರೆ ಕಾಲಂ ಸರಿಸುತ್ತಾ ಪೊಸಿಷನ್ ಅಂಕೆ ಬದಲಾಗುತ್ತದಾ ನೋಡಿ. ಅದರಲ್ಲೇ ಸ್ವಿಚ್ ನಾಲ್ಕೂ ದಿಕ್ಕು ಸರಿಯಾಗಿ ಓದುತ್ತದಾ ಅಂತಲೂ ನೋಡಿ. ಕೆಲವು ಕಾರುಗಳ ಸ್ವಿಚ್ಚಿನಲ್ಲಿ ಒಂದೇ ವೈರಿನ ಮೇಲೆ ಬೇರೆ ಬೇರೆ ರೆಸಿಸ್ಟರ್ ಇಟ್ಟು ನಾಲ್ಕು ದಿಕ್ಕು ಗುರುತಿಸುತ್ತಾರೆ. ಕಾಂಟ್ಯಾಕ್ಟಿಗೆ ಕೊಳೆ ಹಿಡಿದರೆ ಲೆಕ್ಕ ತಪ್ಪಿ, ಮೇಲೆ ಒತ್ತಿದರೆ ಒಳಗೆ ಅಂತಲೋ ಏನೂ ಒತ್ತಿಲ್ಲ ಅಂತಲೋ ಓದುತ್ತದೆ. ನಿಮ್ಮದು ಹಾಗಿರಲಾರದು ಅನಿಸುತ್ತದೆ, ಆದರೂ ನೋಡಲು ಖರ್ಚಿಲ್ಲ.


ಕುಡ್ಲ_ಎಲೆಕ್ಟ್ರಿಷಿಯನ್

ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ. ಕರಾವಳಿ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ.

ಇಲ್ಲಿ ಉಪ್ಪು ಗಾಳಿ, ಮಳೆ ಎರಡೂ ಜಾಸ್ತಿ. ನಾನು ನೋಡುವ ಕಾಲಂ ತೊಂದರೆಗಳಲ್ಲಿ ಅರ್ಥ್ ಪಾಯಿಂಟ್ ತುಕ್ಕು, ಕಪ್ಲರ್ ಪಿನ್ನಿಗೆ ಹಸಿರು ಕಿಲುಬು, ಇಲಿ ಕಡಿದ ವೈರ್, ಇವೇ ಎಲ್ಲಕ್ಕಿಂತ ಹೆಚ್ಚು. ಎಲ್ಲ ಕಾರುಗಳಲ್ಲೂ ಕಾಲಂ ನಡೆಸುವ ಮಾಡ್ಯೂಲು ಕಾಲಂ ಹತ್ತಿರವೇ ಇರುವುದಿಲ್ಲ. ಕೆಲವದರಲ್ಲಿ ಸೀಟ್ ಮೆಮೊರಿ ಮಾಡ್ಯೂಲೇ ಸ್ಟೀರಿಂಗನ್ನೂ ನೋಡಿಕೊಳ್ಳುತ್ತದೆ, ಅದು ಡ್ರೈವರ್ ಸೀಟಿನ ಕೆಳಗೆ ಇರುತ್ತದೆ. ಸನ್‌ರೂಫ್ ನೀರು ಹೋಗುವ ಪೈಪು ಕಟ್ಟಿಕೊಂಡರೆ ನೀರು ಕಾರ್ಪೆಟ್ ಕೆಳಗೆ ನಿಲ್ಲುತ್ತದೆ, ಸ್ಟೀರಿಂಗ್ ಮೇಲೆ ಕೆಳಗೆ ಹೋಗುವುದು ನಿಲ್ಲುತ್ತದೆ. ಯಾರೂ ಅಲ್ಲಿ ನೋಡುವುದಿಲ್ಲ. ಕಾರ್ಪೆಟ್ ಒಮ್ಮೆ ಕೈಯಿಂದ ಒತ್ತಿ ನೋಡಿ. ಮೇಲೆ ಒಣಗಿದ್ದರೂ ಕೆಳಗಿನ ಸ್ಪಂಜಿನಲ್ಲಿ ನೀರು ಇರುತ್ತದೆ.

ಮಲ್ಟಿಮೀಟರ್ ಬಗ್ಗೆ ಒಂದು ಎಚ್ಚರಿಕೆ. ಮನೆ ವೈರಿಂಗ್ ಮಾಡಿದವರು ಇಲ್ಲಿ ಮೋಸ ಹೋಗುತ್ತಾರೆ. ದಪ್ಪ ವೈರಿನಲ್ಲಿ ಒಂದೇ ಒಂದು ಎಳೆ ಉಳಿದಿದ್ದರೂ, ಕಿಲುಬು ಹಿಡಿದಿದ್ದರೂ ಡಿಜಿಟಲ್ ಮೀಟರ್ 12 ವೋಲ್ಟ್ ಅಂತಲೇ ತೋರಿಸುತ್ತದೆ, ಯಾಕೆಂದರೆ ಮೀಟರ್ ಕರೆಂಟನ್ನೇ ಎಳೆಯುವುದಿಲ್ಲ. ಮೋಟರ್‌ಗೆ ಹೋಗುವ ದಪ್ಪ ವೈರ್‌ಗಳನ್ನು ಯಾವತ್ತೂ ಲೋಡ್ ಹಾಕಿ ಅಳೆಯಬೇಕು. ನಾನು ಇಂಡಿಕೇಟರಿನ 21 ವ್ಯಾಟ್ ಬಲ್ಬಿಗೆ ಎರಡು ವೈರ್ ಹಾಕಿಟ್ಟುಕೊಂಡಿದ್ದೇನೆ. ಅದು ಹತ್ತಿರ ಹತ್ತಿರ 1.75 ಆಂಪಿಯರ್ ಎಳೆಯುತ್ತದೆ. ಮೀಟರ್ 12 ತೋರಿಸಿ ಬಲ್ಬು ಮಂಕಾಗಿ ಉರಿದರೆ ವೈರ್ ಅಥವಾ ಅರ್ಥ್ ಹೋಗಿದೆ ಅಂತ ಆಗಲೇ ಗೊತ್ತಾಗುತ್ತದೆ. ಇದೇ ಬಲ್ಬನ್ನು ಸೆನ್ಸರ್ ವೈರ್‌ಗೆ, ಮಾಡ್ಯೂಲಿನ ಸಣ್ಣ ವೈರ್‌ಗೆ ಹಾಕಬೇಡಿ, ಮಾಡ್ಯೂಲು ಸುಡುತ್ತದೆ. ಬರೀ ದಪ್ಪ ಸಪ್ಲೈ ವೈರ್‌ಗೆ ಮಾತ್ರ.

ಅರ್ಥ್ ನೋಡುವುದು ಹೀಗೆ. ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಮಾಡ್ಯೂಲಿನ ಅರ್ಥ್ ಪಿನ್ನಿಗೆ. ಸಹಾಯಕ್ಕೆ ಒಬ್ಬರನ್ನು ಕೂರಿಸಿ ಸ್ವಿಚ್ ಒತ್ತಿಸಿ. ಮೋಟರ್ ಓಡುವಾಗ 0.2 ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ಥ್ ಪಾಯಿಂಟ್ ಬಿಚ್ಚಿ ಉಜ್ಜಬೇಕು. ಹೀಗೇ ಪ್ಲಸ್ ಕಡೆಯೂ ನೋಡಿ, ಅಲ್ಲಿ ಅರ್ಧ ವೋಲ್ಟ್ ಕಳೆದುಹೋಗುತ್ತಿದ್ದರೆ ಅನುಮಾನ ಪಡಿ. ಎಂಜಿನ್ ಓಡುವಾಗ ಮಾತ್ರ ಕೆಲಸ ಮಾಡುತ್ತದೆ, ಆಫ್ ಇದ್ದಾಗ ಮಾಡುವುದಿಲ್ಲ ಅನ್ನುವ ದೂರುಗಳಿಗೆ ಎಷ್ಟೋ ಸಲ ಇದೇ ಕಾರಣ. ಆಲ್ಟರ್‌ನೇಟರ್ 14 ವೋಲ್ಟ್ ಹತ್ತಿರ ಕೊಡುವುದರಿಂದ ಅಷ್ಟು ನಷ್ಟವಾದರೂ ನಡೆಯುತ್ತದೆ, ಬ್ಯಾಟರಿಯ ಹನ್ನೆರಡೂವರೆಯಲ್ಲಿ ನಡೆಯುವುದಿಲ್ಲ.

ಇನ್ನೊಂದು, ಫ್ಯೂಸ್ ಸುಡುತ್ತಿದ್ದರೆ ದೊಡ್ಡ ಫ್ಯೂಸ್ ಹಾಕಬೇಡಿ. ಆ ವೈರ್‌ಗಳು ಡ್ಯಾಶ್‌ಬೋರ್ಡಿನ ಒಳಗೆ ಪ್ಲಾಸ್ಟಿಕ್ ಮಧ್ಯೆ ಇವೆ.


ಮೈಸೂರು_ಸೆಡಾನ್

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ಬಿಡಿಸಿ ಹೇಳುತ್ತೀರಿ ಅಂದುಕೊಂಡಿರಲಿಲ್ಲ. ಭಾನುವಾರ ಕೂತು ಒಂದೊಂದೇ ನೋಡಿದೆ. ಪರಿಚಯದವರೊಬ್ಬರ ಹತ್ತಿರ ಲೈವ್ ಡೇಟಾ ತೋರಿಸುವ ಸ್ಕ್ಯಾನರ್ ಸಿಕ್ಕಿತು.

ಒಳಗೆ ಒತ್ತಿದಾಗ ಮೋಟರ್ ಪೂರ್ತಿ ಮೌನ. ಲೈಟ್ ಮಂಕಾಗಲಿಲ್ಲ. ಮೋಟರ್ ವೈರ್‌ಗಳಲ್ಲಿ ಹೊರಗೆ ಒತ್ತಿದರೆ 11.9, ಒಳಗೆ ಒತ್ತಿದರೆ ಸೊನ್ನೆ. ಅರ್ಥ್ ಕಡೆ ಮೋಟರ್ ಓಡುವಾಗ 0.06, ಅದು ಸರಿಯಿದೆ ಅಂದುಕೊಂಡೆ. ಕಾರ್ಪೆಟ್ ಒಣಗಿದೆ.

ಸ್ಕ್ಯಾನರ್‌ನಲ್ಲಿ ಸ್ವಿಚ್ ನಾಲ್ಕೂ ದಿಕ್ಕು ಸರಿಯಾಗಿ ಓದುತ್ತದೆ. ಒಳಗೆ ಒತ್ತಿದರೆ ಒಳಗೆ ಅಂತಲೇ ತೋರಿಸುತ್ತದೆ. ಆದರೆ ಪೊಸಿಷನ್ ಅಂಕೆ ಒಂದೇ ಕಡೆ ನಿಂತಿದೆ. ಕಾಲಂ ನನ್ನ ಕಡೆಗೆ ಸರಿಯುವಾಗಲೂ ಆ ಅಂಕೆ ಅಲ್ಲಾಡಲಿಲ್ಲ. ಮೇಲೆ ಕೆಳಗೆ ಮಾಡುವ ಮೋಟರಿನ ಅಂಕೆ ಮಾತ್ರ ಚೆನ್ನಾಗಿ ಬದಲಾಗುತ್ತದೆ.

ನನ್ನದು ಮೂರು ವೈರಿನ ಸೆನ್ಸರ್. ಸೆನ್ಸರ್ ಕಪ್ಲರ್ ಹಿಂದಿನಿಂದ ಅಳೆದಾಗ ಒಂದು ವೈರಿನಲ್ಲಿ 5.0 ಇದೆ. ಕಾಲಂ ಹೇಗೂ ಹೊರತುದಿಯಲ್ಲೇ ನಿಂತಿತ್ತು. ಅಲ್ಲಿ ಸಿಗ್ನಲ್ 0.9. ಇಲ್ಲಿಂದ ಒಳಗೆ ಹೋಗುವುದೇ ಇಲ್ಲವಲ್ಲ, ಹಾಗಾಗಿ ಮುಂದೆ ಹೇಗೆ ಅಳೆಯುವುದು ಗೊತ್ತಾಗುತ್ತಿಲ್ಲ. ಮೋಟರ್‌ಗೆ ನೇರವಾಗಿ ಬ್ಯಾಟರಿಯಿಂದ ಕೊಡಬಹುದಾ?


ವೈರಿಂಗ್_ಮೇಷ್ಟ್ರು

ಕೊಡಬಹುದು, ಹುಷಾರಾಗಿ. ಮೊದಲು ಮೋಟರ್ ಕಪ್ಲರ್ ಕಳಚಿ. ಕಳಚದೆ ಕೊಟ್ಟರೆ ಕರೆಂಟು ಮಾಡ್ಯೂಲಿನ ಒಳಗೆ ಉಲ್ಟಾ ನುಗ್ಗಿ ಅದು ಸುಡುತ್ತದೆ. ಸೆನ್ಸರ್‌ಗೆ ಬೇರೆ ಕಪ್ಲರ್ ಇದ್ದರೆ ಅದು ಜೋಡಿಸಿಯೇ ಇರಲಿ, ಅಳೆಯಬೇಕಲ್ಲ. ದಪ್ಪ ವೈರ್ ಯಾವುದು, ಸಣ್ಣ ವೈರ್ ಯಾವುದು ಎರಡು ಸಲ ನೋಡಿ. ಸಣ್ಣದಕ್ಕೆ 12 ವೋಲ್ಟ್ ತಗುಲಿದರೆ ಸೆನ್ಸರ್ ನಿಜವಾಗಿಯೂ ಹೋಗುತ್ತದೆ.

ಕೊಡುವ ವೈರಿನ ಮಧ್ಯೆ 10 ಆಂಪಿಯರ್ ಫ್ಯೂಸ್ ಇರಲೇಬೇಕು. ಒಂದೇ ಸಲ ಹಿಡಿಯಬೇಡಿ, ಮುಟ್ಟಿಸಿ ತೆಗೆಯಿರಿ, ಮುಟ್ಟಿಸಿ ತೆಗೆಯಿರಿ. ಈಗ ಮಾಡ್ಯೂಲು ಮಧ್ಯೆ ಇಲ್ಲ, ತುದಿಗೆ ಬಂದಾಗ ನಿಲ್ಲಿಸುವವರು ಯಾರೂ ಇಲ್ಲ. ತುದಿಗೆ ಗುದ್ದಿ ಅದುಮಿದರೆ ಪ್ಲಾಸ್ಟಿಕ್ ಗೇರಿನ ಹಲ್ಲು ಹೋಗುತ್ತದೆ.

ಹೀಗೆ ಸ್ವಲ್ಪ ಸ್ವಲ್ಪ ಒಳಗೆ ತಳ್ಳುತ್ತಾ ಪ್ರತಿ ಸಲ ಸಿಗ್ನಲ್ ವೋಲ್ಟೇಜ್ ಬರೆದುಕೊಳ್ಳಿ. ಸೆನ್ಸರ್ ಹತ್ತಿರ ಒಂದು ಸಲ, ಅದೇ ಬಣ್ಣದ ವೈರ್ ಮಾಡ್ಯೂಲು ಕಪ್ಲರ್‌ಗೆ ಸೇರುವ ಕಡೆ ಇನ್ನೊಂದು ಸಲ. ಎರಡೂ ಕಡೆ ಒಂದೇ ಅಂಕೆ ಬರಬೇಕು, ಒಂದೇ ವೈರಿನ ಎರಡು ತುದಿ ಅಲ್ವಾ. ಬೇರೆ ಬೇರೆ ಬಂದರೆ ತೊಂದರೆ ಆ ಎರಡು ತುದಿಗಳ ಮಧ್ಯೆ ಇದೆ.


ಮೈಸೂರು_ಸೆಡಾನ್

ಸಿಕ್ಕಿತು!

ಮೇಷ್ಟ್ರು ಹೇಳಿದ ಹಾಗೆ ಫ್ಯೂಸ್ ಹಾಕಿದ ವೈರಿನಿಂದ ಕೊಟ್ಟೆ. ಮೋಟರ್ ಎರಡೂ ಕಡೆ ಸಲೀಸಾಗಿ ಓಡಿತು. ಸೆನ್ಸರ್ ಹತ್ತಿರ ಸಿಗ್ನಲ್ 0.9ರಿಂದ ಶುರುವಾಗಿ ಕಾಲಂ ಒಳಗೆ ಹೋದ ಹಾಗೆ 4.1ರ ತನಕ ಏರಿತು, ಮಧ್ಯೆ ಎಲ್ಲೂ ಜಿಗಿಯಲಿಲ್ಲ. ಮಾಡ್ಯೂಲು ಕಪ್ಲರ್ ಹತ್ತಿರ ಅದೇ ವೈರಿನಲ್ಲಿ ಮಾತ್ರ ಯಾವಾಗಲೂ 4.9. ಕಾಲಂ ಎಲ್ಲೇ ಇರಲಿ, 4.9. ಅಂದರೆ ಮೇಡಂ ಹೇಳಿದ ಹಾಗೆ ಮಾಡ್ಯೂಲು ಕಾಲಂ ಪೂರ್ತಿ ಒಳಗಿದೆ ಅಂದುಕೊಂಡು ಕೂತಿದೆ. ಸೆನ್ಸರ್ ಸರಿಯಿದೆ, ಮೋಟರ್ ಸರಿಯಿದೆ, ಮಾಡ್ಯೂಲೂ ಸರಿಯಿದೆ ಅನಿಸುತ್ತದೆ. ಪೂರ್ತಿ ಕಾಲಂ ಬದಲಾಯಿಸಲು ಹೊರಟಿದ್ದರಲ್ಲ!

ವೈರ್ ಗೊಂಚಲು ಕಾಲಂ ಜೊತೆ ಹಿಂದೆ ಮುಂದೆ ಸರಿಯುವ ಕಡೆ ಒಂದು ಬಾಗು ಇದೆ. ಅಲ್ಲಿ ಕೈಯಿಂದ ಅಲುಗಾಡಿಸಿದರೆ ಸ್ಕ್ಯಾನರ್‌ನಲ್ಲಿ ಅಂಕೆ ಹಾರುತ್ತದೆ. ಆದರೆ ಹೊರಗಿನ ಪ್ಲಾಸ್ಟಿಕ್ ಎಲ್ಲೂ ಹರಿದಿಲ್ಲ. ತುಂಡಾದ ಜಾಗ ಖಚಿತವಾಗಿ ಹೇಗೆ ಗುರುತಿಸುವುದು? ಅಲ್ಲೇ ಬೆಸುಗೆ ಹಾಕಿದರೆ ಸಾಕಾ?


ಕುಡ್ಲ_ಎಲೆಕ್ಟ್ರಿಷಿಯನ್

ಒಳ್ಳೆಯ ಕೆಲಸ ಸರ್.

ಬ್ಯಾಟರಿ ಮೈನಸ್ ತೆಗೆದು, ಆ ಬಾಗಿನ ಟೇಪು ಬಿಡಿಸಿ, ಆ ಒಂದು ವೈರನ್ನು ಎರಡು ಬೆರಳಲ್ಲಿ ಹಿಡಿದು ಒಂದೊಂದು ಇಂಚು ಮೆಲ್ಲಗೆ ಎಳೆದು ನೋಡುತ್ತಾ ಹೋಗಿ. ತಾಮ್ರ ಇರುವ ಕಡೆ ವೈರ್ ಹಿಗ್ಗುವುದಿಲ್ಲ. ತಾಮ್ರ ತುಂಡಾದ ಕಡೆ ಬರೀ ಪ್ಲಾಸ್ಟಿಕ್ ಉಳಿದಿರುತ್ತದೆ, ಅಲ್ಲಿ ರಬ್ಬರಿನ ಹಾಗೆ ಹಿಗ್ಗುತ್ತದೆ. ತುಂಡಾದ ಜಾಗ ಅದೇ. ಪಕ್ಕದ ವೈರ್‌ಗಳನ್ನೂ ಹೀಗೇ ನೋಡಿ. ಎಲ್ಲವೂ ಅಷ್ಟೇ ಸಲ ಬಾಗಿವೆ, ಇನ್ನೊಂದು ಅರ್ಧ ತುಂಡಾಗಿ ಕಾಯುತ್ತಿರಬಹುದು.

ಬಾಗುವ ಜಾಗದಲ್ಲಿ ಬೆಸುಗೆ ಬೇಡ. ಸೀಸ ವೈರಿನ ಎಳೆಗಳ ಒಳಗೆ ಹರಿದು ಅಷ್ಟುದ್ದ ಕಡ್ಡಿಯಂತೆ ಗಟ್ಟಿಯಾಗುತ್ತದೆ, ಆ ಕಡ್ಡಿಯ ಅಂಚಿನಲ್ಲೇ ಮತ್ತೆ ಮುರಿಯುತ್ತದೆ. ಬಾಗಿನ ಎರಡೂ ಬದಿಗೆ ಬಾಗದೆ ಇರುವ ಜಾಗ ಹುಡುಕಿ, ಅಲ್ಲಿ ಕತ್ತರಿಸಿ, ಮಧ್ಯಕ್ಕೆ ಸಣ್ಣ ಎಳೆಗಳ ಮೆತ್ತನೆಯ ಸಿಲಿಕೋನ್ ವೈರ್ ಹಾಕಿ. ಜೋಡಣೆಗೆ ಕ್ರಿಂಪ್ (ಒತ್ತಿ ಕಚ್ಚಿಸುವ ಲೋಹದ ಕೊಳವೆ), ಮೇಲೆ ಹೀಟ್ ಶ್ರಿಂಕ್ ಟ್ಯೂಬು. ಕಾಲಂ ಪೂರ್ತಿ ಹೊರಗೆ ಬಂದಾಗಲೂ ವೈರ್ ಬಿಗಿಯಾಗದಷ್ಟು ಸಡಿಲ ಬಿಡಿ. ತುಂಬಾ ಬಿಟ್ಟರೆ ಕಾಲಂ ಒಳಗೆ ಹೋಗುವಾಗ ಸ್ಕ್ರೂ ರಾಡಿಗೆ ಸಿಕ್ಕಿಕೊಳ್ಳುತ್ತದೆ, ಅದನ್ನೂ ನೋಡಿಕೊಳ್ಳಿ. ಸುತ್ತಲು ಮನೆಯ ಕಪ್ಪು ಇನ್ಸುಲೇಷನ್ ಟೇಪು ಬೇಡ, ಬಿಸಿಗೆ ಅಂಟು ಬಿಟ್ಟು ಜಿಡ್ಡಾಗುತ್ತದೆ. ಕಾರಿನ ವೈರಿಂಗಿಗೆ ಅಂತ ಬಟ್ಟೆ ಟೇಪು ಬರುತ್ತದೆ, ಅದನ್ನು ಕೇಳಿ.


ಹುಬ್ಬಳ್ಳಿ_ಹೈವೇ

ಇದೇ ಜಾಗದಲ್ಲಿ ನನ್ನದೂ ಕೇಳಿಬಿಡುತ್ತೇನೆ, ಬೇಜಾರಿಲ್ಲ ತಾನೇ. ನನ್ನ ಕಾರಿನಲ್ಲಿ ಸ್ಟೀರಿಂಗ್ ಮೇಲೆ ಕೆಳಗೆ ಎರಡೂ ಕಡೆ ಹೋಗುವುದಿಲ್ಲ. ಸ್ವಿಚ್ ಒತ್ತಿದರೆ ಮೋಟರ್ ತಿರುಗುವ ಸದ್ದು ಚೆನ್ನಾಗಿ ಬರುತ್ತದೆ, ಸ್ಟೀರಿಂಗ್ ಮಾತ್ರ ಅಲ್ಲಾಡುವುದಿಲ್ಲ. ಒಳಗೆ ಹೊರಗೆ ಸರಿಯಿದೆ. ಇದೂ ವೈರ್ ತೊಂದರೆಯೇ?


ವೈರಿಂಗ್_ಮೇಷ್ಟ್ರು

ಅಲ್ಲ ಸರ್. ಮೋಟರ್ ತಿರುಗುತ್ತಿದೆ ಎಂದರೆ ಕರೆಂಟಿನ ಕೆಲಸ ಅಲ್ಲಿಗೆ ಮುಗಿಯಿತು. ಸ್ವಿಚ್, ಮಾಡ್ಯೂಲು, ವೈರ್, ಫ್ಯೂಸ್ ಯಾವುದಕ್ಕೂ ದುಡ್ಡು ಹಾಕಬೇಡಿ. ಮೋಟರ್ ಮತ್ತು ಕಾಲಂ ಮಧ್ಯೆ ಪ್ಲಾಸ್ಟಿಕ್ ಗೇರೋ, ಸ್ಕ್ರೂ ಮೇಲಿನ ನಟ್ಟೋ, ಕೆಲವು ಕಾರುಗಳಲ್ಲಿ ಬಾಗುವ ಡ್ರೈವ್ ಕೇಬಲ್ಲೋ ಇರುತ್ತದೆ. ಅದರಲ್ಲಿ ಯಾವುದೋ ಒಂದು ಸವೆದಿದೆ ಅಥವಾ ಜಾರಿ ಹೊರಗೆ ಬಂದಿದೆ. ಅದು ಸಿಗುವ ತನಕ ಓಡಿಸುವಾಗ ಸ್ಟೀರಿಂಗ್ ತಾನಾಗಿ ಕುಸಿಯುತ್ತದಾ, ಕೈಯಲ್ಲಿ ಒತ್ತಿದರೆ ಮೇಲೆ ಕೆಳಗೆ ಆಡುತ್ತದಾ ನೋಡಿ. ಆಡುತ್ತಿದ್ದರೆ ಆ ಕಾರು ಓಡಿಸಬೇಡಿ.


ಮೈಸೂರು_ಸೆಡಾನ್

ಕೆಲಸ ಮುಗಿಯಿತು. ಎಳೆದು ನೋಡಿದಾಗ ಬಾಗಿನ ಮಧ್ಯದಲ್ಲೇ ವೈರ್ ಹಿಗ್ಗಿತು. ಕತ್ತರಿಸಿ ನೋಡಿದರೆ ಒಳಗೆ ತಾಮ್ರ ಎರಡು ತುಂಡು, ತುದಿಗಳು ಕಪ್ಪಾಗಿವೆ. ಪಕ್ಕದ 5 ವೋಲ್ಟ್ ವೈರೂ ಸ್ವಲ್ಪ ಮೆತ್ತಗಿತ್ತು, ಅದನ್ನೂ ಬದಲಾಯಿಸಿದೆ. ಎರಡೂ ತುದಿಗೆ ಒಯ್ದು ಸ್ವಿಚ್ ಒತ್ತಿ ಹಿಡಿದೆ, ಸ್ಕ್ಯಾನರ್‌ನಲ್ಲಿ ಕೋಡ್ ಅಳಿಸಿದೆ, ಮತ್ತೆ ಬರಲಿಲ್ಲ. ಈಗ ಮೆಮೊರಿ ಬಟನ್ ಒತ್ತಿದರೆ ಸ್ಟೀರಿಂಗ್ ಸರಿಯುತ್ತದೆ. ಕೀ ತೆಗೆದಾಗ ಹಿಂದೆ ಸರಿಯುವುದು ಮಾತ್ರ ಇನ್ನೂ ಆಗುತ್ತಿಲ್ಲ. ಸೆಟ್ಟಿಂಗ್ಸ್‌ನಲ್ಲಿ ನೋಡಬೇಕಾ?


ಮಿಶಿಗನ್_ಕನ್ನಡತಿ

ಹೌದು, ಅಲ್ಲೇ ನೋಡಿ. ಬ್ಯಾಟರಿ ತೆಗೆದಾಗ ಅಥವಾ ಕೋಡ್ ಅಳಿಸಿದಾಗ ಆ ಆಯ್ಕೆ ಆಫ್ ಆಗಿರಬಹುದು. ಮೀಟರಿನ ಮೆನುವಿನಲ್ಲಿ ಸುಲಭವಾಗಿ ಹತ್ತುವುದು ಇಳಿಯುವುದು ಅನ್ನುವ ಅರ್ಥದ ಒಂದು ಸಾಲು ಇರುತ್ತದೆ, ಕೆಲವು ಕಾರುಗಳಲ್ಲಿ ಸ್ಟೀರಿಂಗ್, ಸೀಟು, ಎರಡೂ ಅಂತ ಬೇರೆ ಬೇರೆ ಆಯ್ಕೆ ಇರುತ್ತದೆ. ಅದು ಆನ್ ಇದ್ದರೂ ಸರಿಯದಿದ್ದರೆ ಡ್ರೈವರ್ ಬಾಗಿಲಿನ ಸ್ವಿಚ್ ನೋಡಿ. ಬಾಗಿಲು ತೆಗೆದಾಗ ಒಳಗಿನ ದೀಪ ಹತ್ತುತ್ತದಾ, ಮೀಟರಿನಲ್ಲಿ ಬಾಗಿಲು ತೆರೆದಿದೆ ಅಂತ ಬರುತ್ತದಾ? ಬರದಿದ್ದರೆ ಕಾರಿಗೆ ನೀವು ಇಳಿಯುತ್ತಿದ್ದೀರಿ ಅಂತ ಗೊತ್ತೇ ಆಗುವುದಿಲ್ಲ. ಮೆಮೊರಿ 1ರಲ್ಲಿ ನಿಮ್ಮದು, 2ರಲ್ಲಿ ಅಪ್ಪನದು ಅಂತ ಹೊಸದಾಗಿ ಸೇವ್ ಮಾಡಿಕೊಳ್ಳಿ, ಹಳೆಯ ಅಂಕೆಗಳು ಈಗ ಹೊಂದಿಕೆಯಾಗದೆ ಇರಬಹುದು.


ಮೈಸೂರು_ಸೆಡಾನ್

ಮೆನುವಿನಲ್ಲೇ ಆಫ್ ಆಗಿತ್ತು ಮೇಡಂ. ಆನ್ ಮಾಡಿದೆ, ಸರಿಯುತ್ತಿದೆ. 2ರಲ್ಲಿ ಅಪ್ಪನದು ಸೇವ್ ಮಾಡಿದ್ದೇನೆ. @ಹುಬ್ಬಳ್ಳಿ_ಹೈವೇ, ಕವರ್ ಬಿಚ್ಚಲು ನನ್ನ ಫೋಟೊಗಳು ಬೇಕಿದ್ದರೆ ಹೇಳಿ, ಯಾವ ಸ್ಕ್ರೂ ಎಲ್ಲಿದೆ ಅಂತ ಗುರುತು ಮಾಡಿ ಹಾಕುತ್ತೇನೆ.